ನಿದ್ದೆಗೆ ಸಾಕ್ಷಿ ಯಾರು?

ನಿದ್ದೆಯ ವಿಷಯದಲ್ಲಿ ಮನುಷ್ಯ ಹೇಳಿದ ಮಾತನ್ನು ಇತ್ತೀಚಿನವರೆಗೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಊಟವಾಯಿತೆಂದವನ ಎಲೆಯನ್ನು ನೋಡಬಹುದು. ಓದಿದೆನೆಂದವನಿಗೆ ಪ್ರಶ್ನೆ ಹಾಕಬಹುದು. ‘ರಾತ್ರಿ ಚೆನ್ನಾಗಿ ನಿದ್ದೆ ಬಂತು’ ಎಂದವನನ್ನು ಮಾತ್ರ ನಂಬಿಯೇ ತೀರಬೇಕು. ನೆಂಟರ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೆ ‘ನಿದ್ದೆ ಬಂತೇ?’ ಎಂದು ವಿಚಾರಿಸುವುದು ನಮ್ಮಲ್ಲಿ ಮರ್ಯಾದೆ. ಸೊಳ್ಳೆಗಳ ಕಾಟಕ್ಕೆ ರಾತ್ರಿಯೆಲ್ಲ ಹಾಸಿಗೆಯ ಮೇಲೆ ಕೂತು ಕಳೆದವನೂ ‘ಓಹೋ, ಸೊಗಸಾಗಿ ಬಂತು’ ಎನ್ನುತ್ತಾನೆ. ಅದು ಸುಳ್ಳೆಂಬುದು ಹೇಳಿದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೂ ಆ ಸುಳ್ಳನ್ನಾಡುವ ಹಕ್ಕು ಸಂಪೂರ್ಣವಾಗಿ ಅವನದೇ ಆಗಿತ್ತು.

ಈಗ ಆ ಹಕ್ಕಿಗೆ ಒಬ್ಬ ಪಾಲುಗಾರ ಮಣಿಕಟ್ಟಿನ ಮೇಲೆ ಬಂದು ಕೂತಿದ್ದಾನೆ. ಗಡಿಯಾರದಂತೆ ಕಾಣುವ, ಆದರೆ ಹೊತ್ತು ತೋರಿಸುವುದನ್ನು ಉಪವೃತ್ತಿಯಾಗಿ ಮಾತ್ರ ಇಟ್ಟುಕೊಂಡಿರುವ ಈ ಪಟ್ಟಿಗೆ ಪೇಟೆಯಲ್ಲಿ ಫಿಟ್‌ನೆಸ್ ಬ್ಯಾಂಡ್ ಎಂದು ಹೆಸರು. ನಾನು ಅದನ್ನು ಕೈಪಟ್ಟಿ ಎಂದು ಕರೆಯುತ್ತೇನೆ. 2024ರ ಬೇಸಗೆಯಲ್ಲಿ ನನ್ನ ತಮ್ಮ ಬೆಂಗಳೂರಿನಿಂದ ತಂದು ನನ್ನ ಕೈಗೆ ಕಟ್ಟಿ, ‘ಅಣ್ಣಾ, ನಲವತ್ತು ದಾಟಿದ ಮೇಲೆ ಇದು ಇರಬೇಕು’ ಎಂದು ಹೇಳಿ ಹೋದ. ನಲವತ್ತು ದಾಟಿದವರ ಕೈಗೆ ಹಿಂದೆ ಪಂಚಲೋಹದ ಬಳೆ ಬರುತ್ತಿತ್ತು, ಕಾಲ ಬದಲಾಗಿದೆ.

ನಾನಿರುವುದು ಟಿ.ಬಿ. ಡ್ಯಾಂನಲ್ಲಿ. ಅಣೆಕಟ್ಟಿನ ಹೆಸರೇ ಊರಿನ ಹೆಸರೂ ಆಗಿಬಿಟ್ಟಿರುವ ಜಾಗ ಇದು. ನಮ್ಮ ಅಧ್ಯಾಪಕರ ಕೋಣೆಯಲ್ಲಿ ಮಳೆಗಾಲದ ಬೆಳಗಿನ ಮಾತು ಯಾವಾಗಲೂ ಒಂದೇ ರೀತಿ ಶುರುವಾಗುತ್ತಿತ್ತು: ‘ಇವತ್ತು ಎಷ್ಟು ಅಡಿ?’ ಜಲಾಶಯ ತುಂಬಿತೆಂದರೆ 1633 ಅಡಿ. ಅದಕ್ಕೆ ಇನ್ನೆಷ್ಟು ಬಾಕಿ ಎಂಬುದರ ಮೇಲೆ ಇಡೀ ಸೀಮೆಯ ಮುಖದ ಕಳೆ ನಿಂತಿರುತ್ತದೆ. ಈಗ ಆ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬಂದಿದೆ: ‘ನಿಮ್ಮದು ರಾತ್ರಿ ಎಷ್ಟು?’ ನೂರಕ್ಕೆ ಇಷ್ಟು ಎಂದು ನಿದ್ದೆಗೆ ಅಂಕ. ಎಂಬತ್ತೈದು ಬಂದವರು ಸ್ವಲ್ಪ ಎದೆಯುಬ್ಬಿಸಿ ಹೇಳುತ್ತಾರೆ. ಐವತ್ತು ಬಂದವರು ಮೊಬೈಲನ್ನು ಮಗುಚಿಡುತ್ತಾರೆ. ಜೀವಮಾನವೆಲ್ಲ ಬೇರೆಯವರಿಗೆ ಅಂಕ ಕೊಟ್ಟವರು ತಮ್ಮ ನಿದ್ದೆಯ ಉತ್ತರ ಪತ್ರಿಕೆಯನ್ನು ಯಾರೋ ತಿದ್ದಿ ಕಳಿಸಿದ್ದಕ್ಕೆ ಅಳುಕುವುದನ್ನು ನೋಡಿದರೆ ವಿದ್ಯಾರ್ಥಿಗಳಿಗೆ ಸಂತೋಷವಾದೀತು.

ನನ್ನ ಪಟ್ಟಿ ಮೊದಲ ವಾರದಿಂದಲೂ ನನ್ನ ನಿದ್ದೆಯನ್ನು ‘ರೆಸ್ಟ್‌ಲೆಸ್’ ಎಂದು ಕರೆಯುತ್ತ ಬಂದಿದೆ. ಇಂಥ ರಾತ್ರಿ ಹದಿನೇಳು ಸಲ, ಇಂಥ ರಾತ್ರಿ ಇಪ್ಪತ್ತೆರಡು ಸಲ. ಈ ಪದವನ್ನು ಕನ್ನಡಕ್ಕೆ ತರಬೇಕಾದರೆ ಏನೆನ್ನಬೇಕು ಎಂದು ಕನ್ನಡದ ಮೇಷ್ಟ್ರಾದ ನನಗೆ ಸಹಜವಾಗಿ ಯೋಚನೆ ಬಂತು. ಹೊರಳಾಟ ಎನ್ನಬಹುದು, ಚಡಪಡಿಕೆ ಎನ್ನಬಹುದು, ತಳಮಳ ಎನ್ನಬಹುದು. ಮೂರೂ ಒಂದೇ ಅಲ್ಲ. ಹೊರಳಾಟ ಮೈಯದು, ತೊಟ್ಟಿಲ ಕೂಸೂ ಹೊರಳುತ್ತದೆ, ಅದಕ್ಕೇನೂ ದುಃಖವಿಲ್ಲ. ಚಡಪಡಿಕೆ ಮೈಗೂ ಮನಸ್ಸಿಗೂ ನಡುವಿನದು. ತಳಮಳ ಪೂರ್ತಿ ಒಳಗಿನದು. ಅದಿರುವವನು ಕಲ್ಲಿನಂತೆ ಅಲುಗಾಡದೆ ಮಲಗಿರಬಹುದು. ಯಂತ್ರ ಕಂಡದ್ದು ಮೊದಲನೆಯದನ್ನು. ಅದು ಬಾಯಿಬಿಟ್ಟು ಹೇಳುವಾಗ ಆಡುವ ಮಾತು ಮೂರನೆಯದರ ಅರ್ಥವನ್ನು ಹೊತ್ತುಕೊಂಡು ಬರುತ್ತದೆ. ಇಷ್ಟೇ ಆಗಿದ್ದರೆ ಇದು ಭಾಷಾಂತರದ ತೊಡಕು ಎಂದು ಬಿಡಬಹುದಾಗಿತ್ತು. ಆದರೆ ಬೆಳಗ್ಗೆ ಎದ್ದು ಮೈಮುರಿದು ಹಗುರಾಗಿರುವ ಮನುಷ್ಯ, ಆ ಒಂದು ಪದವನ್ನು ಓದಿದ ಕೂಡಲೇ ‘ಹೌದಲ್ಲ, ಏನೋ ಆಯಾಸ’ ಎಂದುಕೊಳ್ಳುತ್ತಾನಲ್ಲ, ಅಲ್ಲಿ ವಿಚಾರ ಮಾಡಬೇಕಾದ್ದು ಏನೋ ಇದೆ.

ಯಂತ್ರಕ್ಕೆ ಅನ್ಯಾಯವಾಗಬಾರದು. ಅದು ಏನನ್ನು ನೋಡುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದರ ಹೊಟ್ಟೆಯಲ್ಲಿ ಎರಡು ಇಂದ್ರಿಯಗಳಿವೆ. ಒಂದು, ಕೈ ಯಾವ ದಿಕ್ಕಿಗೆ ಎಷ್ಟು ರಭಸದಿಂದ ಅಲುಗಿತೆಂದು ತಿಳಿಯುವುದು. ಇನ್ನೊಂದು, ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ಅದರಲ್ಲಿ ಎಷ್ಟು ಹಿಂದಿರುಗಿತೆಂದು ನೋಡುವುದು. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಗುಂಡಿಗೆಯ ಒಂದೊಂದು ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಏರಿ ಇಳಿಯುವುದರಿಂದ, ಬೆಳಕಿನ ಏರಿಳಿತದಿಂದ ಬಡಿತವನ್ನು ಎಣಿಸಬಹುದು. ಬಡಿತಗಳ ನಡುವಣ ಬಿಡುವು ಹೇಗೆ ಹಿಗ್ಗಿ ಕುಗ್ಗುತ್ತದೆ ಎಂಬುದರಿಂದ ಇದು ತಿಳಿನಿದ್ದೆ, ಇದು ಗಾಢನಿದ್ದೆ, ಇದು ಕನಸಿನ ನಿದ್ದೆ ಎಂದು ಊಹಿಸುತ್ತದೆ. ಊಹೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಏಕೆಂದರೆ ನಿದ್ದೆಯ ಈ ವಿಭಾಗಗಳನ್ನು ಮಾಡಿದ್ದು ಮಣಿಕಟ್ಟನ್ನು ನೋಡಿ ಅಲ್ಲ, ತಲೆಯನ್ನು ನೋಡಿ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಗೆರೆಗಳಾಗಿ ಹಿಡಿದ ವಿಷಯವನ್ನು ಪ್ರಕಟಿಸಿದ್ದು 1929ರಲ್ಲಿ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ಒಂದು ವಿಶೇಷ ನಿದ್ದೆ ಇದೆಯೆಂದೂ, ಆಗ ಎಬ್ಬಿಸಿದರೆ ಮನುಷ್ಯ ಕನಸನ್ನು ಹೇಳುತ್ತಾನೆಂದೂ ಶಿಕಾಗೋದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು ತೋರಿಸಿಕೊಟ್ಟದ್ದು 1953ರಲ್ಲಿ. ನಮ್ಮ ತುಂಗಭದ್ರೆಯ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನೆನಪಿಗೆ ಅನುಕೂಲ, ಅಷ್ಟೆ. ಇಂದಿಗೂ ನಿದ್ದೆಯನ್ನು ನಿಜವಾಗಿ ಅಳೆಯಬೇಕಾದರೆ ನೆತ್ತಿಗೆ, ಕಣ್ಣಿನ ಬದಿಗೆ, ಗಲ್ಲಕ್ಕೆ ತಂತಿಗಳನ್ನು ಅಂಟಿಸಿ ಪ್ರಯೋಗಶಾಲೆಯಲ್ಲಿ ಮಲಗಿಸಬೇಕು. ಆ ಗೆರೆಗಳನ್ನು ಮೂವತ್ತು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ನುರಿತವರು ಓದುತ್ತಾರೆ. ಇಬ್ಬರು ನುರಿತವರು ಒಂದೇ ರಾತ್ರಿಯನ್ನು ಓದಿದರೂ ಎಲ್ಲ ತುಂಡುಗಳಲ್ಲಿ ಒಮ್ಮತವಿರುವುದಿಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಬಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಕೈಪಟ್ಟಿ ಈ ದೊಡ್ಡ ಪರೀಕ್ಷೆಯ ಬಡ ತಮ್ಮ. ಒಟ್ಟು ಎಷ್ಟು ಹೊತ್ತು ಮಲಗಿದಿರಿ ಎಂಬುದನ್ನು ಅದು ಸುಮಾರಾಗಿ ಸರಿಯಾಗಿಯೇ ಹೇಳುತ್ತದೆ. ಅದರ ದೊಡ್ಡ ದೌರ್ಬಲ್ಯ ಎಚ್ಚರವನ್ನು ಗುರುತಿಸುವುದರಲ್ಲಿ. ಕಣ್ಣುಬಿಟ್ಟು ಸೂರು ನೋಡುತ್ತ ಅಲುಗಾಡದೆ ಮಲಗಿದವನನ್ನು ಅದು ಬಹುಮಟ್ಟಿಗೆ ನಿದ್ರಿಸುವವನೆಂದೇ ಲೆಕ್ಕ ಹಾಕುತ್ತದೆ. ಇನ್ನೊಂದು ಕಡೆ, ಆರೋಗ್ಯವಂತನಾದವನು ಸಹ ರಾತ್ರಿಯಲ್ಲಿ ಹತ್ತಾರು ಸಲ ಮಗ್ಗುಲು ಬದಲಿಸುತ್ತಾನೆ, ಹಲವು ಸಲ ಕ್ಷಣಕಾಲ ಎಚ್ಚರಗೊಂಡು ಮರೆತುಬಿಡುತ್ತಾನೆ. ಅದು ದೇಹದ ಧರ್ಮ. ಹೊರಳಾಟದ ಎಣಿಕೆಯನ್ನು ರೋಗದ ಎಣಿಕೆಯೆಂದು ತಿಳಿಯಬೇಕಾಗಿಲ್ಲ. ನನ್ನ ಹದಿನೇಳು ಇಪ್ಪತ್ತೆರಡುಗಳ ಕಥೆ ಇಷ್ಟೇ ಎಂದು ತೋರುತ್ತದೆ.

ಆದರೆ ಸಂಖ್ಯೆಯ ಸರಿತಪ್ಪಿಗಿಂತ ಹಿಂದಿನ ಪ್ರಶ್ನೆಯೊಂದು ಉಳಿಯುತ್ತದೆ. ನಾನು ಸುಖವಾಗಿ ಮಲಗಿದ್ದೆನೇ ಇಲ್ಲವೇ ಎಂಬುದಕ್ಕೆ ಪ್ರಮಾಣ ಯಾವುದು?

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಹಳೆಯ ಬೇರುಗಳಿವೆ. ಇಲ್ಲಿಂದ ನಾಲ್ಕು ಹರದಾರಿಯೊಳಗೆ ಹಂಪೆ; ಅಲ್ಲಿ ವಿರೂಪಾಕ್ಷನ ಗುಡಿಯ ಹಿಂಬದಿಗೆ ವಿದ್ಯಾರಣ್ಯರ ಹೆಸರಿನ ಮಠ. ಅವರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶಿ’ ತನ್ನ ಮೊದಲ ಪ್ರಕರಣದ ಆರಂಭದಲ್ಲೇ ನಿದ್ದೆಯನ್ನು ಎತ್ತಿಕೊಳ್ಳುತ್ತದೆ. ವಾದದ ಸಾರ ಇದು: ಗಾಢವಾಗಿ ಮಲಗಿ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೊಂದೂ ತಿಳಿಯಲಿಲ್ಲ’ ಎನ್ನುತ್ತಾನೆ. ಇದು ಊಹೆಯಲ್ಲ, ನೆನಪು. ಅನುಭವಿಸದೆ ಇದ್ದದ್ದು ನೆನಪಾಗಲಾರದು. ಆದ್ದರಿಂದ ಏನೂ ತಿಳಿಯದಿದ್ದ ಆ ಹೊತ್ತಿನಲ್ಲಿಯೂ, ಏನೂ ತಿಳಿಯುತ್ತಿಲ್ಲ ಎಂಬುದನ್ನು ಕಂಡ ಅರಿವೊಂದು ಎಚ್ಚರವಾಗಿತ್ತು. ಆ ಅರಿವೇ ಸಾಕ್ಷಿ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಎದ್ದಾಗ ಮೈ ಹಗುರಾಗಿರುವುದನ್ನು ಕಂಡು ‘ಸುಖವಾಗಿ ಮಲಗಿದ್ದಿರಬೇಕು’ ಎಂದು ಮನುಷ್ಯ ಅನುಮಾನದಿಂದ ತಿಳಿಯುತ್ತಾನೆ ಎಂದರು. ನೆನಪೋ ಅನುಮಾನವೋ ಎಂದು ಶತಮಾನಗಟ್ಟಲೆ ಜಗಳ ನಡೆಯಿತು. ಇವೆರಡೂ ಪಕ್ಷದವರು ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು: ನಿದ್ದೆಯ ಸುಖದ ಬಗೆಗೆ ಮಾತನಾಡಬೇಕಾದವನು ಮಲಗಿ ಎದ್ದವನೇ.

ಇದಕ್ಕೂ ಹಿಂದೆ ಬೃಹದಾರಣ್ಯಕದಲ್ಲಿ ಒಂದು ಕಥೆ ಬರುತ್ತದೆ. ಕಾಶಿಯ ಅಜಾತಶತ್ರು ರಾಜ, ಪಾಂಡಿತ್ಯದ ಹೆಮ್ಮೆಯ ಬಾಲಾಕಿಯ ಕೈಹಿಡಿದು ಮಲಗಿರುವ ಮನುಷ್ಯನೊಬ್ಬನ ಬಳಿಗೆ ಕರೆದುಕೊಂಡು ಹೋಗುತ್ತಾನೆ. ದೊಡ್ಡ ದೊಡ್ಡ ಹೆಸರುಗಳಿಂದ ಕರೆದರೂ ಅವನು ಏಳುವುದಿಲ್ಲ. ಕೈಯಿಂದ ಅಲುಗಿಸಿದಾಗ ಏಳುತ್ತಾನೆ. ಆಗ ರಾಜ ಕೇಳುತ್ತಾನೆ, ಮಲಗಿದ್ದಾಗ ಇವನು ಎಲ್ಲಿದ್ದ, ಈಗ ಎಲ್ಲಿಂದ ಬಂದ ಎಂದು. ಬಾಲಾಕಿಗೆ ಉತ್ತರ ತಿಳಿಯಲಿಲ್ಲ. ನನ್ನ ಪಟ್ಟಿಯನ್ನು ಕೇಳಿದರೆ ಅದು ಉತ್ತರ ಹೇಳುತ್ತದೆ: ಒಂದು ಗಂಟೆ ಹನ್ನೆರಡು ನಿಮಿಷ ಗಾಢದಲ್ಲಿದ್ದ, ಮೂರು ಗಂಟೆ ನಲವತ್ತು ನಿಮಿಷ ತಿಳಿಯಲ್ಲಿದ್ದ. ರಾಜ ಕೇಳಿದ್ದು ಇದನ್ನಲ್ಲ ಎಂದು ಅದಕ್ಕೆ ಹೇಗೆ ಹೇಳುವುದು?

ಇದು ಬರಿಯ ತತ್ತ್ವದ ಕಸರತ್ತಲ್ಲ ಎಂಬುದಕ್ಕೆ ಈಚಿನ ಕೆಲವು ಪ್ರಯೋಗಗಳಿವೆ. 2014ರಲ್ಲಿ ಅಮೆರಿಕದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಸುಳ್ಳು ಸುಳ್ಳೇ ‘ನಿಮ್ಮ ಕನಸಿನ ನಿದ್ದೆ ಸರಾಸರಿಗಿಂತ ಹೆಚ್ಚಾಗಿದೆ’, ‘ನಿಮ್ಮದು ಕಡಿಮೆಯಾಗಿದೆ’ ಎಂದು ಹೇಳಿ, ಆಮೇಲೆ ಬುದ್ಧಿಯ ಚುರುಕಿನ ಪರೀಕ್ಷೆ ಕೊಟ್ಟರು. ಚೆನ್ನಾಗಿ ಮಲಗಿದ್ದೀರಿ ಎಂದು ಕೇಳಿದವರು, ನಿಜವಾಗಿ ಹೇಗೆ ಮಲಗಿದ್ದರೂ, ಚೆನ್ನಾಗಿ ಮಾಡಿದರು. 2018ರಲ್ಲಿ ಆಕ್ಸ್‌ಫರ್ಡಿನವರು ನಿದ್ದೆಬಾರದೆ ಕಷ್ಟಪಡುವವರ ಕೈಗೆ ಇಂಥದೇ ಗಡಿಯಾರ ಕಟ್ಟಿ, ಬೆಳಗ್ಗೆ ಕೆಲವರಿಗೆ ಒಳ್ಳೆಯ ವರದಿ, ಕೆಲವರಿಗೆ ಕೆಟ್ಟ ವರದಿ ಕೊಟ್ಟರು, ಎರಡೂ ಕಟ್ಟುಕಥೆ. ಕೆಟ್ಟ ವರದಿ ಬಂದವರು ಹಗಲೆಲ್ಲ ಜಡವಾಗಿ, ಮಂಕಾಗಿ ಇದ್ದರು. ಅದಕ್ಕೂ ಒಂದು ವರ್ಷ ಹಿಂದೆ, 2017ರಲ್ಲಿ, ಶಿಕಾಗೋದ ನಿದ್ರಾತಜ್ಞರು ತಮ್ಮಲ್ಲಿಗೆ ಬಂದ ರೋಗಿಗಳ ವಿಷಯ ಬರೆಯುತ್ತ ‘ಆರ್ಥೋಸೋಮ್ನಿಯಾ’ ಎಂದು ಹೊಸ ಹೆಸರನ್ನೇ ಇಟ್ಟರು. ನಿದ್ದೆಯ ಅಂಕವನ್ನು ಸರಿಮಾಡಿಕೊಳ್ಳುವ ಹಂಬಲದಿಂದಲೇ ನಿದ್ದೆ ಕೆಡಿಸಿಕೊಳ್ಳುವುದು ಎಂದು ಅದರ ತಾತ್ಪರ್ಯ. ಅವರಲ್ಲೊಬ್ಬ ಹೆಂಗಸನ್ನು ಪ್ರಯೋಗಶಾಲೆಯಲ್ಲಿ ತಂತಿ ಅಂಟಿಸಿ ಮಲಗಿಸಿ, ‘ನೀವು ಗಾಢವಾಗಿ ಮಲಗಿದ್ದಿರಿ’ ಎಂದು ತೋರಿಸಿದರೆ, ಆಕೆ ‘ಹಾಗಾದರೆ ನನ್ನ ಕೈಯದು ಬೇರೆ ಹೇಳುತ್ತದಲ್ಲ?’ ಎಂದು ಕೇಳಿದರಂತೆ. ತನ್ನ ಮಾತು ಹೋಗಲಿ, ವೈದ್ಯನ ಮಾತೂ ಸೋತಿತು.

ಇಲ್ಲಿಗೆ ನಿಲ್ಲಿಸಿ ‘ಯಂತ್ರವನ್ನು ಬಿಸಾಡಿ, ಆತ್ಮಸಾಕ್ಷಿಯನ್ನು ನಂಬಿ’ ಎಂದು ಹೇಳಿದರೆ ಕೇಳಲು ಹಿತವಾಗಿರುತ್ತದೆ. ಅಣೆಕಟ್ಟಿನ ನೆರಳಿನಲ್ಲಿ ವಾಸಿಸುವವನಿಗೆ ಅದು ಸಾಧ್ಯವಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105.79. ಉಳಿದ ಜಾಗವನ್ನು ಹೂಳು ನುಂಗಿದೆ. ಗುಡ್ಡದ ಮೇಲೆ ನಿಂತು ನೋಡಿದರೆ ಇದು ಕಾಣುವುದಿಲ್ಲ. ತುಂಬಿದ ಜಲಾಶಯ ನನ್ನ ಬಾಲ್ಯದಲ್ಲಿ ಹೇಗೆ ಹೊಳೆಯುತ್ತಿತ್ತೋ ಈಗಲೂ ಹಾಗೆಯೇ ಹೊಳೆಯುತ್ತದೆ. ಅಳತೆ ಮಾಡಿದವರು ಹೇಳಿದ್ದರಿಂದ ಗೊತ್ತಾಯಿತು. ಮನುಷ್ಯನ ನಿದ್ದೆಯಲ್ಲೂ ಇಂಥ ಹೂಳು ಇರಬಹುದು. ಉಸಿರು ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ನಿಂತು, ಮೈ ಗಾಬರಿಯಿಂದ ಅರೆ ಎಚ್ಚರಗೊಂಡು, ಮತ್ತೆ ಉಸಿರಾಡಿ, ಮತ್ತೆ ನಿಂತು, ಹೀಗೆ ರಾತ್ರಿಯಿಡೀ ನಡೆಯುವ ರೋಗವೊಂದಿದೆ. ಅದಿರುವವನು ಬೆಳಗ್ಗೆ ‘ನಾನು ಕುಂಭಕರ್ಣ’ ಎಂದೇ ಹೇಳುತ್ತಾನೆ. ಅವನ ಗೊರಕೆಯನ್ನು ಮನೆಯವರು ಗಾಢನಿದ್ದೆಯ ಗುರುತೆಂದು ನಗುತ್ತಾರೆ. ರಕ್ತದೊತ್ತಡ ಏರುತ್ತ ಹೋಗುತ್ತದೆ, ಹಗಲು ಗಾಡಿ ನಡೆಸುವಾಗ ಕಣ್ಣು ಮುಚ್ಚುತ್ತದೆ. ಅವನ ಪಾಲಿಗೆ ಒಳಗಿನ ಸಾಕ್ಷಿ ಸುಳ್ಳು ಹೇಳುತ್ತಿದೆ. ಪಟ್ಟಿಯೋ, ಪಕ್ಕದಲ್ಲಿ ಮಲಗಿದವಳೋ ಎಚ್ಚರಿಸಿ ವೈದ್ಯರ ಬಳಿಗೆ ಕಳಿಸಿದರೆ ಅದು ಪುಣ್ಯದ ಕೆಲಸ. ವೇದಾಂತಿ ಹೇಳಿದ ಸಾಕ್ಷಿ ಆತ್ಮದ ವಿಷಯದಲ್ಲಿ ಎಷ್ಟೇ ದೊಡ್ಡವನಾಗಲಿ, ಗಂಟಲಿನ ವಿಷಯದಲ್ಲಿ ಅವನನ್ನು ಕೇಳುವಂತಿಲ್ಲ.

ಹಾಗಾದರೆ ಅಳತೆಗೆ ಅದರ ಜಾಗ ಕೊಟ್ಟಾಯಿತು. ಉಳಿದದ್ದು ಅಂಕದ ಪ್ರಶ್ನೆ. ಅಳತೆ ಬೇರೆ, ಅಂಕ ಬೇರೆ. 1620 ಅಡಿ ಎಂಬುದು ಅಳತೆ; ಅದರಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲ. ‘ಐವತ್ತೆರಡು, ನೂರಕ್ಕೆ’ ಎಂದರೆ ಅದರಲ್ಲಿ ತೀರ್ಪು ಬಂತು. ನೂರು ಬರಬೇಕಾಗಿತ್ತು, ನೀನು ಐವತ್ತೆರಡಕ್ಕೆ ಇಳಿದೆ ಎಂಬ ಮಾತು ಬಂತು. ಅಲುಗಾಡದ, ಎಚ್ಚರವಾಗದ, ಯಾರ ದನಿಗೂ ಓಗೊಡದ ನಿದ್ದೆ ಮನುಷ್ಯನಿಗೆ ಶ್ರೇಯಸ್ಸು ಎಂಬ ಒಂದು ನೀತಿ ಅದರೊಳಗೆ ಸದ್ದಿಲ್ಲದೆ ಕೂತಿದೆ. ಈ ನೀತಿಯನ್ನು ನಾವು ಒಪ್ಪಬೇಕೇ?

2024ರ ಆಗಸ್ಟ್ 10ರ ರಾತ್ರಿಯನ್ನು ಈ ಊರಿನವರು ಮರೆಯಲಾರರು. ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು, ಹನ್ನೊಂದರ ಸುಮಾರಿಗೆ, ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಜಲಾಶಯ ಆಗ ತುಂಬಿ ನಿಂತಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ವರ್ಷದ ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ, 17ರ ಹೊತ್ತಿಗೆ ಆ ಬಾಯಿಯನ್ನು ಮುಚ್ಚಿದರು. ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಆ ವಾರ ಮನೆಮನೆಯಲ್ಲಿ ಕೇಳಿತು. ಆ ಮೊದಲ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ. ನೀರಿನ ಸದ್ದು ಎಂದಿನ ಸದ್ದಾಗಿರಲಿಲ್ಲ. ಜನ ಬಾಗಿಲಲ್ಲಿ ನಿಂತು, ಗೊತ್ತಿದ್ದವರಿಗೆಲ್ಲ ಫೋನು ಮಾಡಿ, ಕಂಪ್ಲಿಯ ಕಡೆಯ ನೆಂಟರನ್ನು ಎಬ್ಬಿಸಿ ಕೂತರು. ನನ್ನ ಪಟ್ಟಿ ಕೈಯಲ್ಲೇ ಇತ್ತು. ಬೆಳಗ್ಗೆ ಅದು ಎಂದಿನ ಗಂಭೀರ ಮುದ್ರೆಯಿಂದ 31 ಅಂಕ ಕೊಟ್ಟು, ಮಲಗುವ ಮುಂಚೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೆ ಒಳ್ಳೆಯದು ಎಂದು ಸಲಹೆ ಮಾಡಿತು. ಆ ರಾತ್ರಿ ಈ ಊರಿನಲ್ಲಿ ಯಾರಾದರೂ 90 ಅಂಕ ಪಡೆದಿದ್ದರೆ ಅವರನ್ನು ನಾವು ಏನೆಂದು ಕರೆಯಬೇಕು? ಯೋಗಿ ಎನ್ನಬಹುದು, ಕಿವುಡ ಎನ್ನಬಹುದು.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹೊಗಳಿಕೆಯಾಗಿ ಆಡುತ್ತೇವೆ. ಚಿಂತೆ ಇಲ್ಲದಿರುವುದಕ್ಕೆ ಎರಡು ಕಾರಣಗಳಿರಬಹುದು ಎಂಬುದನ್ನು ಗಾದೆ ಹೇಳುವುದಿಲ್ಲ. ಚಿಂತೆಯನ್ನು ದಾಟಿದವನೂ ಮಲಗುತ್ತಾನೆ, ಯಾರ ಚಿಂತೆಯನ್ನೂ ಮಾಡದವನೂ ಮಲಗುತ್ತಾನೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರ ಎಂಬ ಭಾಗವಿದೆ; ಎಂದರೆ ಜಾಗರಣೆ. ಪಾಂಡವರಲ್ಲಿಗೆ ಹೋಗಿದ್ದ ಸಂಜಯ ಹಿಂದಿರುಗಿ, ಧೃತರಾಷ್ಟ್ರನನ್ನು ನಿಂದಿಸಿ, ಸಂದೇಶವನ್ನು ನಾಳೆ ಸಭೆಯಲ್ಲಿ ಹೇಳುತ್ತೇನೆಂದು ಹೊರಟುಹೋಗುತ್ತಾನೆ. ಮುದುಕನಿಗೆ ನಿದ್ದೆ ಬರುವುದಿಲ್ಲ. ವಿದುರನನ್ನು ಕರೆಸಿ, ಮೈಯೆಲ್ಲ ಉರಿಯುತ್ತಿದೆ, ಏನು ಮಾಡಲಿ ಎನ್ನುತ್ತಾನೆ. ವಿದುರ ಮೊದಲು ಹೇಳುವುದು ನಿದ್ದೆ ಯಾರಿಗೆ ಬರುವುದಿಲ್ಲ ಎಂಬುದನ್ನು: ಬಲವಂತನ ಕೈಗೆ ಸಿಕ್ಕ ದುರ್ಬಲನಿಗೆ, ಇದ್ದದ್ದನ್ನು ಕಳೆದುಕೊಂಡವನಿಗೆ, ಕಾಮಿಗೆ, ಕಳ್ಳನಿಗೆ. ಇವು ಯಾವುವೂ ನಿನಗೆ ತಗಲಿಲ್ಲ ತಾನೇ, ಪರರ ಸೊತ್ತಿನ ಮೇಲಿನ ಆಸೆಯಿಂದ ಬೇಯುತ್ತಿಲ್ಲ ತಾನೇ ಎಂದು ವಿನಯದಿಂದಲೇ ಕೇಳುತ್ತಾನೆ. ಮನುಷ್ಯನ ನಿದ್ದೆಗೆಟ್ಟ ರಾತ್ರಿಯನ್ನು ಓದುವುದೆಂದರೆ ಇದು. ಅವನು ಹೊರಳಿದ್ದನ್ನು ಎಣಿಸಲಿಲ್ಲ. ಏಕೆ ಹೊರಳುತ್ತಿದ್ದೀಯೆ ಎಂದು ಕೇಳಿದ. ಆ ರಾತ್ರಿ ವೈದ್ಯನೊಬ್ಬ ಧೃತರಾಷ್ಟ್ರನಿಗೆ ಒಂದು ಗುಳಿಗೆ ಕೊಟ್ಟು ಮಲಗಿಸಿದ್ದರೆ ಅದು ಉಪಕಾರವಾಗುತ್ತಿತ್ತೇ? ಅವನಲ್ಲಿ ಇನ್ನೂ ಕೆಡದೆ ಉಳಿದಿದ್ದ ಒಂದೇ ಅಂಗ ಆ ತಳಮಳವಾಗಿತ್ತು. ದುರ್ಯೋಧನನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದು ನಾನು ಎಲ್ಲಿಯೂ ಓದಿದ ನೆನಪಿಲ್ಲ.

ಹಾಗೆಂದು ನಿದ್ದೆಗೇಡನ್ನು ಧರ್ಮದ ಗುರುತೆಂದು ಪಟ್ಟಕಟ್ಟುವುದಕ್ಕೂ ಬರುವುದಿಲ್ಲ. ಅದೇ ಮಹಾಭಾರತದಲ್ಲಿ ಯುದ್ಧ ಮುಗಿದ ರಾತ್ರಿ ಕಾಡಿನ ಆಲದ ಕೆಳಗೆ ಮೂವರು ಮಲಗುತ್ತಾರೆ. ಕೃಪನಿಗೂ ಕೃತವರ್ಮನಿಗೂ ನಿದ್ದೆ ಬರುತ್ತದೆ; ಅಶ್ವತ್ಥಾಮನಿಗೆ ಬರುವುದಿಲ್ಲ. ಎಚ್ಚರವಾಗಿದ್ದುದರಿಂದಲೇ ಅವನು ಮಲಗಿದ ಕಾಗೆಗಳನ್ನು ಗೂಗೆ ಕೊಲ್ಲುವುದನ್ನು ಕಂಡ, ಮಲಗಿದ ಮಕ್ಕಳನ್ನು ಕೊಲ್ಲುವ ಪಾಠವನ್ನು ಕಲಿತ. ಎರಡು ರಾತ್ರಿಗಳಿಗೂ ಪಟ್ಟಿ ಕಟ್ಟಿದ್ದರೆ ಎರಡಕ್ಕೂ ಬಹುಶಃ ಒಂದೇ ಅಂಕ ಬರುತ್ತಿತ್ತು.

ಹಂಪೆಗೆ ಹೋಗುವವರು ಹೊಸಪೇಟೆ ದಾಟಿದ ಕೂಡಲೇ ಸಿಗುವ ಅನಂತಶಯನಗುಡಿಯಲ್ಲಿ ಇಳಿಯುವುದು ಕಡಿಮೆ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಗುಡಿ ಅದು. ಮಗನ ಹೆಸರಿನಲ್ಲಿ ಸಾಲೆ ತಿರುಮಲೆ ಮಹಾರಾಯಪುರ ಎಂದು ಆ ಊರಿಗೆ ಹೆಸರಿಟ್ಟ. ಗರ್ಭಗುಡಿಯ ಮೇಲಿನ ಶಿಖರ ಉದ್ದಕ್ಕೆ ಕಮಾನು ಬಾಗಿದಂತೆ ಎತ್ತರವಾಗಿದೆ. ಒಳಗೆ ಮಲಗಿದ ದೇವರಿಗೆ ತಕ್ಕಂತೆ ಉದ್ದನೆಯ ಪೀಠವಿದೆ. ಮಲಗಬೇಕಾದ ದೇವರು ಮಾತ್ರ ಇಲ್ಲ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಬರಿದಾದ ಹಾಸಿಗೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅನಂತಶಯನನದು ಯೋಗನಿದ್ರೆ, ಮಲಗಿದ್ದರೂ ಲೋಕದ ಎಚ್ಚರ ತಪ್ಪದ ನಿದ್ದೆ ಎಂದು ಪುರಾಣ ಹೇಳುತ್ತದೆ. ಅದನ್ನು ವಿವರಿಸುತ್ತಿದ್ದಾಗ ಒಮ್ಮೆ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು, ‘ಸಾರ್, ಎಲ್ಲ ಚಿತ್ರದಾಗೂ ಲಕ್ಷ್ಮಿ ಕಾಲು ಒತ್ತಿಕೋತ ಕುಂತಿರ್ತಾಳಲ್ರೀ, ಆಕಿ ಯಾವಾಗ ಮಲಗ್ತಾಳ?’ ಎಂದು ಕೇಳಿದಳು. ಹುಡುಗರು ನಕ್ಕರು. ನಾನು ಆ ಪ್ರಶ್ನೆಯನ್ನು ಮನೆಗೆ ತಂದೆ.

ಏಕೆಂದರೆ ನಿದ್ದೆಯನ್ನು ಒಬ್ಬೊಬ್ಬರ ಕೈಗೆ ಬೇರೆ ಬೇರೆಯಾಗಿ ಕಟ್ಟಿ ಅಳೆಯುವಾಗ ಮರೆತುಹೋಗುವ ಸಂಗತಿ ಇದೇ. ನಮ್ಮ ನಿದ್ದೆ ನಮ್ಮೊಬ್ಬರದೇ ಗಳಿಕೆಯಲ್ಲ. ಕಾಲುವೆಯಲ್ಲಿ ನೀರು ಬಂದ ರಾತ್ರಿ ಗದ್ದೆಗೆ ಹಾಯಿಸುತ್ತ ಬದುವಿನ ಮೇಲೆ ಕೂತವನಿದ್ದಾನೆ. ಸಂಡೂರಿನ ಗಣಿಯಲ್ಲಿ ರಾತ್ರಿ ಪಾಳಿಗೆ ಹೋದವನಿದ್ದಾನೆ. ಅಣೆಕಟ್ಟಿನ ಮೇಲೆ ಒಳಹರಿವಿನ ಲೆಕ್ಕ ಬರೆಯುತ್ತ ಕೂತವನಿದ್ದಾನೆ. ಇವರ ಅಂಕಗಳು ಕೆಳಗಿರುವುದರಿಂದ ಇನ್ನು ಕೆಲವರ ಅಂಕಗಳು ಮೇಲಿವೆ. ಇದನ್ನು ಹೇಳಲು ದೂರ ಹೋಗಬೇಕಾಗಿಯೂ ಇಲ್ಲ.

ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎರಡು ಪಟ್ಟಿಗಳಿದ್ದವು. ಮಗ ತಂದೆಗೊಂದು ತಾಯಿಗೊಂದು ಕಳಿಸಿದ್ದ. ಇವರದು ದಿನವೂ ಎಂಬತ್ತರ ಮೇಲೆ. ಒಮ್ಮೊಮ್ಮೆ ಎಂಬತ್ತೇಳೂ ಬರುತ್ತಿತ್ತು. ಅವರ ಹೆಂಡತಿಯದು ಐವತ್ತರ ಆಸುಪಾಸು ದಾಟುತ್ತಿರಲಿಲ್ಲ. ‘ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು ಅಂತೀನಿ, ಕೇಳೋದಿಲ್ಲ. ಶಿಸ್ತು ಇಲ್ಲ’ ಎಂದು ಅವರು ನಮ್ಮೆದುರಿಗೆ ನಗುತ್ತ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ, ಆ ಮಾತಿನಲ್ಲಿ ಕುಹಕವಿರಲಿಲ್ಲ. ಒಳಕೋಣೆಯಲ್ಲಿ ಅವರ ತಾಯಿ ಒಂದೂವರೆ ವರ್ಷದಿಂದ ಹಾಸಿಗೆ ಹಿಡಿದಿದ್ದರು. ರಾತ್ರಿ ಒಂದು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು, ಬಟ್ಟೆ ಬದಲಿಸಬೇಕು, ಗಂಟಲಿಗೆ ಎರಡು ಚಮಚ ನೀರು ಹಾಕಬೇಕು. ಮುದುಕಿ ಕೂಗುವುದಕ್ಕೆ ಮುಂಚೆಯೇ ಸೊಸೆ ಎದ್ದಿರುತ್ತಿದ್ದರು. ಕೂಗಿದರೆ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರಿಗೆ ಎಚ್ಚರವಾಗುತ್ತದೆ ಎಂದು. ಹೀಗೆ ಆ ಮನೆಯಲ್ಲಿ ಎಂಬತ್ತೇಳನ್ನು ಐವತ್ತು ಸಾಕುತ್ತಿತ್ತು. ಅತ್ತೆಯ ಮಗ್ಗುಲು ಬದಲಿಸುವುದಕ್ಕೆ ಎದ್ದ ಎರಡು ಸಲವನ್ನೂ ಪಟ್ಟಿ ತಪ್ಪದೆ ಬರೆದಿಟ್ಟು ಅಂಕ ಕಳೆಯುತ್ತಿತ್ತು.

ಮೊಬೈಲಿನಲ್ಲಿ ಬರುವ ಸಲಹೆಗಳನ್ನು ಆಕೆ ಒಂದೆರಡು ಸಲ ನನ್ನ ಹೆಂಡತಿಗೆ ಓದಿಸಿದ್ದರಂತೆ. ಒತ್ತಡ ಕಡಿಮೆ ಮಾಡಿಕೊಳ್ಳಿ, ದಿನವೂ ಒಂದೇ ಹೊತ್ತಿಗೆ ಮಲಗಿ, ನಡುರಾತ್ರಿ ಎದ್ದರೆ ದೀಪ ಹಾಕಬೇಡಿ. ‘ದೀಪ ಹಾಕದ ಹೆಂಗ್ ಬಟ್ಟಿ ಬದಲಸ್ಲಿ?’ ಎಂದು ಇಬ್ಬರೂ ನಕ್ಕರಂತೆ.

ಕಳೆದ ಮಾಘದಲ್ಲಿ ಆ ಹಿರಿಯರು ತೀರಿಕೊಂಡರು. ಹದಿಮೂರನೆಯ ದಿನ ಕಳೆದು ಮನೆ ಸ್ವಲ್ಪ ಖಾಲಿಯಾದ ಮೇಲೆ ನನ್ನ ಹೆಂಡತಿ ನೋಡಿಕೊಂಡು ಬರಲು ಹೋಗಿದ್ದಳು. ಪಟ್ಟಿ ಆಕೆಯ ಕೈಯಲ್ಲಿರಲಿಲ್ಲ, ಕಿಟಕಿಯ ಮೇಲಿತ್ತು. ಅದರ ಲೆಕ್ಕ ಆ ವಾರ ಮೊದಲ ಬಾರಿಗೆ ಎಂಬತ್ತು ದಾಟಿತ್ತಂತೆ. ಬೆಂಗಳೂರಿನಿಂದ ಮಗ ನೋಡಿ ಸಂತೋಷಪಟ್ಟು ಫೋನು ಮಾಡಿದ್ದನಂತೆ. ‘ನಿದ್ದಿ ಚಲೋ ಆಗೇತಿ ಅಂತ ಇದು ಹೇಳ್ತೈತಿ ಅಕ್ಕಾ. ನನಗ ಒಂದಕ್ಕ, ಮೂರಕ್ಕ ಹಂಗಾ ಎಚ್ಚರ ಆಕ್ಕೈತಿ. ಏಳಾಕ ಕೆಲಸಾ ಇಲ್ಲ. ಇವರಿಗೆ ಎಚ್ಚರಾದೀತು ಅಂತ ಅಲುಗಾಡದ ಹಂಗಾ ಮಲಕ್ಕೊಂಡಿರ್ತೀನಿ, ಬೆಳಗಾಗೂತನಕ’ ಎಂದು ಹೇಳಿ, ಆಕೆ ಚಹಕ್ಕೆ ನೀರಿಡಲು ಒಳಗೆ ಹೋದರಂತೆ.